ಉಪ್ಪುನೀರಿನ ಮೀನಿಗೆ ಮನೆಯಲ್ಲೇ ಫ್ರೋಜನ್ ಆಹಾರ: ಏನು ಹಾಕಬೇಕು, ಏನು ಬೇಡ?

ಹವಳದೋಣಿ

ರೆಡಿ ಫ್ರೋಜನ್ ಕ್ಯೂಬ್ ಬಿಟ್ಟು ಮನೆಯಲ್ಲೇ ಆಹಾರ ಮಾಡೋಣ ಅಂತ ಹೊರಟಿದ್ದೇನೆ. ಕ್ಯೂಬ್ ಕರಗಿಸಿ ಜಾಲರಿಯಲ್ಲಿ ಸೋಸಿದರೆ ಜಾಸ್ತಿ ಹೋಗುವುದು ನೀರೇ. ಜೊತೆಗೆ ನನ್ನ ಟ್ಯಾಂಕಿನಲ್ಲಿ ಒಂದು ಜೋಡಿ ಕ್ಲೌನ್, ಒಂದು ಯೆಲ್ಲೋ ಟ್ಯಾಂಗ್, ಆಂಥಿಯಾಸ್ ಗುಂಪು, ಒಂದು ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಇವೆ. ಒಂದೊಂದರ ಬಾಯಿ ಒಂದೊಂದು ಅಳತೆ. ಒಂದೇ ಕ್ಯೂಬ್ ಎಲ್ಲರಿಗೂ ಹೊಂದುವುದಿಲ್ಲ.

ಯೋಚನೆ ಹೀಗಿದೆ: ಸಿಗಡಿ, ಸ್ಕ್ವಿಡ್, ಕಪ್ಪೆಚಿಪ್ಪು, ಸ್ವಲ್ಪ ಬಿಳಿ ಮೀನು, ನೋರಿ (ಒಣಗಿಸಿದ ಕಡಲ ಪಾಚಿಯ ಹಾಳೆ), ಮೇಲೆ ವಿಟಮಿನ್. ಎಲ್ಲ ಒಟ್ಟಿಗೆ ಹಸಿಯಾಗೇ ರುಬ್ಬಿ ಫ್ರೀಜ್ ಮಾಡುವುದು. ಜೆಲಟಿನ್ ಬೇಕಾ? ಬೇಯಿಸಬೇಕಾ? ಕರಗಿಸಿದ ಮೇಲೆ ತೊಳೆಯಬೇಕಾ? ಎಷ್ಟು ತಿಂಗಳು ಇಡಬಹುದು? ಮಾಡಿ ಅನುಭವ ಇರುವವರು ಹೇಳಿ.

ರೀಫ್‌ರಾಗ

ಒಳ್ಳೆ ನಿರ್ಧಾರ. ಆದರೆ "ಎಲ್ಲ ಒಟ್ಟಿಗೆ ರುಬ್ಬಿ" ಅನ್ನುವುದನ್ನು ಮೊದಲು ಬಿಡಿ. ಮಿಕ್ಸಿ ಓಡಿಸಿದರೆ ಗಂಜಿ ಆಗುತ್ತದೆ. ಅದರಲ್ಲಿ ಮೀನಿನ ಬಾಯಿಗೆ ಹೋಗುವುದು ಕಡಿಮೆ, ನೀರು ಮಬ್ಬಾಗುವುದು ಜಾಸ್ತಿ.

ನಾನು ಮಾಡುವ ರೀತಿ ಹೇಳುತ್ತೇನೆ. ಸ್ಕ್ವಿಡ್ ಮತ್ತು ಸಿಗಡಿಯನ್ನು ಅರ್ಧ ಹೆಪ್ಪುಗಟ್ಟುವ ತನಕ ಫ್ರೀಜರಿನಲ್ಲಿ ಇಡುತ್ತೇನೆ. ಆಗ ಮಾಂಸ ಗಟ್ಟಿ ಇರುತ್ತದೆ, ಚಾಕು ಜಾರುವುದಿಲ್ಲ. ಉದ್ದಕ್ಕೆ ಎಳೆ ಎಳೆಯಾಗಿ ಕೊಯ್ದು, ಆಮೇಲೆ ಅಡ್ಡ ಕೊಯ್ದರೆ ಚಿಕ್ಕ ಚಿಕ್ಕ ಚೌಕ ಸಿಗುತ್ತವೆ. ಆಂಥಿಯಾಸ್‌ಗೆ 2 ಮಿ.ಮೀ. ಒಳಗಿರಲಿ, ಟ್ಯಾಂಗ್ ಮತ್ತು ಕ್ಲೌನ್‌ಗೆ 4-5 ಮಿ.ಮೀ. ನಡೆಯುತ್ತದೆ. ಮಿಕ್ಸಿ ಬಳಸಲೇಬೇಕು ಅಂದರೆ ಅರ್ಧ ಹೆಪ್ಪಿನಲ್ಲೇ ಹಾಕಿ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿ, ಸತತ ಓಡಿಸಬೇಡಿ.

ಸ್ಕಿಮ್ಮರ್‌ಸದ್ದು

ತೊಳೆಯಲೇಬೇಕು. ಫಾಸ್ಫೇಟ್ ಎಲ್ಲ ಆ ರಸದಲ್ಲೇ ಇರುವುದು. ತೊಳೆಯದೆ ಹಾಕಿದರೆ ಪಾಚಿ ಗ್ಯಾರಂಟಿ.

ಆಳನೀಲಿ

ಸ್ಕಿಮ್ಮರ್‌ಸದ್ದು, ಇದು ಎಲ್ಲ ಕಡೆ ಓಡಾಡುವ ಮಾತು, ಪೂರ್ತಿ ಸರಿಯಲ್ಲ. ಆಹಾರದ ಫಾಸ್ಫರಸ್‌ನ ಬಹುಪಾಲು ಮಾಂಸದ ಒಳಗೇ ಇದೆ. ಜೀವಕೋಶದ ಪೊರೆಯಲ್ಲಿ, ಡಿಎನ್‌ಎಯಲ್ಲಿ, ಮೂಳೆಯಲ್ಲಿ. ತೊಳೆದರೆ ಹೋಗುವುದು ಹೊರಗೆ ಸೋರಿದ ಸ್ವಲ್ಪ ಭಾಗ ಮಾತ್ರ. ಉಳಿದದ್ದು ಮೀನು ತಿಂದು ಹೊರಹಾಕಿದಾಗ ನೀರಿಗೆ ಬಂದೇ ಬರುತ್ತದೆ. ಫಾಸ್ಫೇಟ್ ಕಡಿಮೆ ಆಗಬೇಕು ಅಂದರೆ ಹಾಕುವ ಪ್ರಮಾಣ ನೋಡಿ, ಅಥವಾ ಅದನ್ನು ಹೊರತೆಗೆಯುವ ದಾರಿ ನೋಡಿ.

ತೊಳೆಯುವುದಕ್ಕಿಂತ ಮುಖ್ಯವಾದದ್ದು ಕೊಳ್ಳುವಾಗ ಇದೆ. ತುಂಬಾ ಕಡೆ ಸಿಗಡಿ ಮತ್ತು ಸ್ಕ್ಯಾಲಪ್‌ಗೆ ನೀರು ಹಿಡಿದಿಡಲಿ ಅಂತ ಸೋಡಿಯಂ ಟ್ರೈಪಾಲಿಫಾಸ್ಫೇಟ್ ಹಾಕಿರುತ್ತಾರೆ. ಪೊಟ್ಟಣದ ಹಿಂದೆ ಬರೆದಿರುತ್ತದೆ, ಓದಿ. ಅಂಥದ್ದನ್ನು ತಂದು ಟ್ಯಾಂಕಿಗೆ ಹಾಕಿದರೆ ಮೀನಿಗೆ ಆಹಾರದ ಜೊತೆ ಬೇಡದ ಫಾಸ್ಫೇಟ್ ಕೊಟ್ಟ ಹಾಗೆ. ಏನೂ ಸೇರಿಸದ, ಬರೀ ಫ್ರೀಜ್ ಮಾಡಿದ ಸಿಗಡಿ ಹುಡುಕಿ.

ಸ್ಕಿಮ್ಮರ್‌ಸದ್ದು

ಲೇಬಲ್ ಮಾತು ಒಪ್ಪುತ್ತೇನೆ. ಆದರೆ ತೊಳೆಯುವುದರಲ್ಲಿ ನಷ್ಟ ಏನು? ಆ ರಸವನ್ನು ಮೀನು ತಿನ್ನುವುದೇ ಇಲ್ಲವಲ್ಲ.

ಆಳನೀಲಿ

ತಿನ್ನುವುದಿಲ್ಲ, ನಿಜ. ಆದರೆ ಮೂಸುತ್ತದೆ. ಗ್ಲೈಸೀನ್, ಬೀಟೇನ್ ಥರದ ವಸ್ತುಗಳು ಆ ರಸದಲ್ಲಿ ಇರುತ್ತವೆ. ಹೊಸದಾಗಿ ಬಂದ, ಇನ್ನೂ ತಿನ್ನಲು ಹಿಂಜರಿಯುವ ಮೀನಿಗೆ ಅದೇ ಕರೆ. ಹವಳಗಳೂ ನೀರಿನಲ್ಲಿ ಕರಗಿದ ಅಮೈನೋ ಆಮ್ಲ ಹೀರಿಕೊಳ್ಳುತ್ತವೆ. ಬರೀ ಮೀನಿನ ಟ್ಯಾಂಕ್, ಎಲ್ಲರೂ ಚೆನ್ನಾಗಿ ತಿನ್ನುತ್ತಾರೆ ಅಂದರೆ ಜಾಲರಿಯಲ್ಲಿ ಒಮ್ಮೆ ಸೋಸಿ ಹಾಕಿ, ನಾನು ಬೇಡ ಅನ್ನುವುದಿಲ್ಲ. ನೀರು ಮಬ್ಬಾಗುವುದಾದರೂ ಕಡಿಮೆ ಆಗುತ್ತದೆ.

ನೀರಲೆ

ಯಾರೂ ಇನ್ನೂ ಕಪ್ಪೆಚಿಪ್ಪಿನ ವಿಷಯ ಎತ್ತಿಲ್ಲ. ಈ ಪಟ್ಟಿಯಲ್ಲಿ ದೊಡ್ಡ ತೊಂದರೆ ಅಲ್ಲೇ ಇದೆ.

ಕಪ್ಪೆಚಿಪ್ಪು, ಪಚ್ಚಿಲೆ, ಆಂಚೊವಿ, ಗೋಲ್ಡ್ ಫಿಶ್ ಇವುಗಳಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ. ಅದು ವಿಟಮಿನ್ ಬಿ1 ಅನ್ನು ಒಡೆದುಹಾಕುತ್ತದೆ. ಎಲ್ಲ ಹಸಿಯಾಗಿ ಒಟ್ಟಿಗೆ ರುಬ್ಬಿದರೆ ಏನಾಗುತ್ತದೆ ಯೋಚಿಸಿ. ಕಪ್ಪೆಚಿಪ್ಪಿನ ಕಿಣ್ವ ಸಿಗಡಿಯಲ್ಲಿರುವ, ಬಿಳಿ ಮೀನಿನಲ್ಲಿರುವ, ನೀವು ಮೇಲೆ ಹಾಕಿದ ಬಿ1 ಅನ್ನೂ ತಿಂದು ಮುಗಿಸುತ್ತದೆ. ಫ್ರೀಜರಿನಲ್ಲಿ ಇಟ್ಟರೆ ಈ ಕಿಣ್ವ ಸಾಯುವುದಿಲ್ಲ, ನಿಧಾನ ಆಗುತ್ತದೆ ಅಷ್ಟೆ. ತಿಂಗಳುಗಟ್ಟಲೆ ಇಟ್ಟರೆ ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ.

ಬಿ1 ಕೊರತೆ ಬಂದ ಮೀನು ಮೊದಲು ತಿನ್ನುವುದು ಬಿಡುತ್ತದೆ. ಆಮೇಲೆ ಸಮತೋಲನ ತಪ್ಪುತ್ತದೆ, ಸುತ್ತು ಹಾಕುತ್ತಾ ಈಜುತ್ತದೆ. ಲಯನ್ ಫಿಶ್‌ಗೆ ಬರೀ ಗೋಲ್ಡ್ ಫಿಶ್ ಹಾಕಿ ಸಾಕುವವರು ಕಾಣುವುದು ಇದನ್ನೇ. ಹೊರಗಿನಿಂದ ನೋಡಿದರೆ ಏನೋ ರೋಗ ಅನ್ನಿಸುತ್ತದೆ, ಔಷಧಿ ಹಾಕುತ್ತಾರೆ, ಉಪಯೋಗ ಆಗುವುದಿಲ್ಲ.

ಮರಳುತಳ

ಹಾಗಾದರೆ ಕಪ್ಪೆಚಿಪ್ಪು ಬೇಡವೇ ಬೇಡ ಅಂತೀರಾ? ಕಡಲಲ್ಲಿ ಬಟರ್‌ಫ್ಲೈ ಅಂಥದ್ದನ್ನೇ ತಿನ್ನುತ್ತದಲ್ಲ.

ನೀರಲೆ

ಬೇಡ ಅನ್ನಲಿಲ್ಲ. ಬೇರೆ ಇಡಿ ಅನ್ನುತ್ತಿದ್ದೇನೆ. ಕಡಲಲ್ಲಿ ಅದು ನೂರಾರು ಥರದ್ದು ತಿನ್ನುತ್ತದೆ, ಅದೂ ಆಗ ತಾನೇ ಜೀವ ಇದ್ದದ್ದನ್ನು. ರುಬ್ಬಿ ತಿಂಗಳುಗಟ್ಟಲೆ ಬೆರೆಸಿಟ್ಟದ್ದಲ್ಲ.

ಎರಡು ದಾರಿ ಇವೆ. ಒಂದು, ಕಪ್ಪೆಚಿಪ್ಪಿನ ಮಾಂಸವನ್ನು ಬೇರೆ ಚೀಲದಲ್ಲಿ ಫ್ರೀಜ್ ಮಾಡಿ ಆಗೊಮ್ಮೆ ಈಗೊಮ್ಮೆ ಹಾಕುವುದು. ಇನ್ನೊಂದು, ಅದನ್ನು ಮಾತ್ರ ಒಳಗಿನ ತನಕ ಬೇಯಿಸಿ, ಆರಿಸಿ, ಮಿಶ್ರಣಕ್ಕೆ ಸೇರಿಸುವುದು. ಬಿಸಿ ತಗುಲಿದರೆ ಈ ಕಿಣ್ವ ಕೆಟ್ಟುಹೋಗುತ್ತದೆ. ಸ್ವಲ್ಪ ಬಿ1 ಕೂಡ ಬಿಸಿಗೆ ಹೋಗುತ್ತದೆ, ಅದನ್ನು ಆಮೇಲೆ ವಿಟಮಿನ್ನಿನಿಂದ ತುಂಬಬಹುದು.

ಉಪ್ಪುಸಾಗರ

ಇಷ್ಟೆಲ್ಲ ತಲೆಬಿಸಿ ಯಾಕೆ? ದನದ ಹೃದಯ ರುಬ್ಬಿ ಹಾಕುವುದು ಹಳೇ ಪದ್ಧತಿ. ಡಿಸ್ಕಸ್ ಸಾಕುವವರು ಅದರಲ್ಲೇ ಮೀನು ದೊಡ್ಡದು ಮಾಡುತ್ತಾರೆ. ಪ್ರೋಟೀನ್ ಜಾಸ್ತಿ, ಫಾಸ್ಫೇಟ್ ಹಾಕಿರುವ ಭಯ ಇಲ್ಲ.

ಆಳನೀಲಿ

ಡಿಸ್ಕಸ್ ಸಿಹಿನೀರಿನ ಮೀನು, ಅಲ್ಲಿಯ ಲೆಕ್ಕ ಬೇರೆ. ಪ್ರೋಟೀನ್ ಒಂದೇ ನೋಡಿದರೆ ಆಗಲಿಲ್ಲ, ಕೊಬ್ಬು ಯಾವ ಥರದ್ದು ಅಂತ ನೋಡಬೇಕು. ಕಡಲ ಮೀನಿಗೆ ಇಪಿಎ, ಡಿಎಚ್‌ಎ ಅನ್ನುವ ಒಮೆಗಾ 3 ಕೊಬ್ಬು ಆಹಾರದಲ್ಲೇ ಸಿಗಬೇಕು. ಹೆಚ್ಚಿನವು ಬೇರೆ ಕೊಬ್ಬಿನಿಂದ ಬೇಕಾದಷ್ಟು ತಯಾರಿಸಿಕೊಳ್ಳಲಾರವು. ಸಿಗಡಿ, ಮೀನು, ಮೀನಿನ ಮೊಟ್ಟೆ, ಮೈಸಿಸ್, ಕ್ರಿಲ್ ಅನ್ನುವ ಸಿಗಡಿಯಂಥ ಪುಟ್ಟ ಜೀವಿಗಳು ಇವುಗಳಲ್ಲಿ ಅದು ಇದೆ. ದನದ ಹೃದಯದಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಮೇಲಿಂದ, ಬಿಸಿರಕ್ತದ ಪ್ರಾಣಿಯ ಕೊಬ್ಬು 25-26 ಡಿಗ್ರಿಯಲ್ಲಿ ಗಟ್ಟಿಯಾಗಿಯೇ ಇರುತ್ತದೆ.

ಉಪ್ಪುಸಾಗರ

ಕೊಬ್ಬು ಪೂರ್ತಿ ಕತ್ತರಿಸಿ ತೆಗೆದೇ ಹಾಕುವುದು. ನನ್ನ ಲಯನ್ ಫಿಶ್ ಅದನ್ನು ತಿಂದು ವರ್ಷಗಟ್ಟಲೆ ಚೆನ್ನಾಗಿದೆ.

ಆಳನೀಲಿ

ಕೊಬ್ಬು ತೆಗೆದರೆ ಒಮೆಗಾ 3 ಬಂದು ಸೇರುವುದಿಲ್ಲವಲ್ಲ. ತಿನ್ನುವುದು ಬೇರೆ, ಅದರಲ್ಲಿ ಪೋಷಣೆ ಸಿಗುವುದು ಬೇರೆ. ನಿಮ್ಮ ಮೀನು ಚೆನ್ನಾಗಿದ್ದರೆ ಸಂತೋಷ, ಅದಕ್ಕೆ ಬೇರೆ ಏನೇನು ಹಾಕುತ್ತೀರಿ ಅದನ್ನೂ ಬರೆಯಿರಿ.

ಉಪ್ಪುಸಾಗರ

ಸಿಗಡಿ, ಬಿಳಿ ಮೀನು ಹಾಕುತ್ತೇನೆ. ಹೃದಯ ವಾರಕ್ಕೊಮ್ಮೆ.

ಆಳನೀಲಿ

ಹಾಗಾದರೆ ಅದನ್ನು ಸಾಕುತ್ತಿರುವುದು ಸಿಗಡಿ ಮತ್ತು ಮೀನು.

ಟ್ಯಾಂಗ್‌ಪ್ರೇಮಿ

ನೋರಿ ಬಗ್ಗೆ ನನ್ನದು ಎರಡು ಮಾತು. ಉಪ್ಪು, ಎಣ್ಣೆ, ಸಾಸ್ ಏನೂ ಸವರದ ಹಾಳೆ ಇರಬೇಕು. ಹುರಿದದ್ದಾದರೆ ಪರವಾಗಿಲ್ಲ. ಮಿಶ್ರಣಕ್ಕೆ ಹಾಕುವಾಗ ಒಣಗಿದ್ದಾಗಲೇ ಕತ್ತರಿಯಲ್ಲಿ ಸಣ್ಣ ಚೂರು ಮಾಡಿ, ಕೊನೆಯಲ್ಲಿ ಸೇರಿಸಿ, ಹತ್ತು ನಿಮಿಷ ಬಿಡಿ. ಅದು ರಸವನ್ನೆಲ್ಲ ಹೀರಿಕೊಂಡು ಉಬ್ಬುತ್ತದೆ. ಚೂರುಗಳು ತಾವೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಆದರೆ ದಯವಿಟ್ಟು ಟ್ಯಾಂಗನ್ನು ಈ ಮಿಶ್ರಣದ ಮೇಲೆ ಮಾತ್ರ ಬಿಡಬೇಡಿ. ಅದು ದಿನವಿಡೀ ಬಂಡೆ ಮೇಲಿನ ಪಾಚಿ ಕೆರೆದು ತಿನ್ನುವ ಮೀನು. ಒಂದು ಕ್ಲಿಪ್‌ನಲ್ಲಿ ನೋರಿ ದಿನಾ ಇರಲಿ. ಪಾಲಕ್, ಲೆಟ್ಯೂಸ್ ಹಾಕುವವರು ಇದ್ದಾರೆ. ನೆಲದ ಸೊಪ್ಪು ಹೊಟ್ಟೆ ತುಂಬಿಸಬಹುದು, ಕಡಲ ಪಾಚಿಯ ಜಾಗ ತುಂಬುವುದಿಲ್ಲ.

ಪಾಲಿಪ್

ಟ್ಯಾಂಗ್ ಜಾತಿಯ ಹೊಟ್ಟೆ ಅಂದಾಗ ನೆನಪಾಯಿತು. ಟ್ಯಾಂಗ್ ಕುಟುಂಬದ್ದೇ ಆದ, ಕೆಂಪು ಸಮುದ್ರದ ಸರ್ಜನ್ ಮೀನಿನ ಕರುಳಿನಲ್ಲಿ ಎಪುಲೋಪಿಸಿಯಂ ಅನ್ನುವ ಜೀವಿ ಸಿಕ್ಕಿತು. ಉದ್ದ ಅರ್ಧ ಮಿ.ಮೀ.ಗಿಂತ ಜಾಸ್ತಿ, ಬರಿಗಣ್ಣಿಗೆ ಕಾಣುತ್ತದೆ. ಅಷ್ಟು ದೊಡ್ಡದು ಬ್ಯಾಕ್ಟೀರಿಯಾ ಇರಲಾರದು ಅಂದುಕೊಂಡು ಬೇರೆ ಗುಂಪಿಗೆ ಸೇರಿಸಿದ್ದರು. 1993ರಲ್ಲಿ ಅದು ಬ್ಯಾಕ್ಟೀರಿಯಾನೇ ಅಂತ ಗೊತ್ತಾಯಿತು. ಪಾಚಿ ತಿನ್ನುವ ಮೀನಿನ ಕರುಳೇ ಒಂದು ಬೇರೆ ಲೋಕ.

ಟ್ಯಾಂಗ್‌ಪ್ರೇಮಿ

ಅಬ್ಬಾ, ಇದು ಗೊತ್ತಿರಲಿಲ್ಲ. ಪಾಚಿ ಯಾಕೆ ಕೊಡಬೇಕು ಅಂತ ಕೇಳುವವರಿಗೆ ಇನ್ನು ಇದನ್ನೇ ಹೇಳುತ್ತೇನೆ.

ಹವಳದೋಣಿ

ತುಂಬಾ ಉಪಯೋಗ ಆಗುತ್ತಿದೆ, ಎಲ್ಲರಿಗೂ ಥ್ಯಾಂಕ್ಸ್. ಕಪ್ಪೆಚಿಪ್ಪು ಬೇರೆ ಇಡುತ್ತೇನೆ. ಜೆಲಟಿನ್ ಪ್ರಶ್ನೆ ಬಾಕಿ ಇದೆ. ಅಗರ್ ಅಗರ್ ಪಾಚಿಯಿಂದಲೇ ಬರುವುದು, ಅದು ಇನ್ನೂ ಒಳ್ಳೆಯದಲ್ವಾ?

ರೀಫ್‌ರಾಗ

ಇಲ್ಲಿ ಅಗರ್ ಬೇಡ. ಅದು ಕರಗಲು ಸುಮಾರು 85 ಡಿಗ್ರಿ ಬೇಕು. 40ರ ಕೆಳಗೆ ಇಳಿಯುತ್ತಿದ್ದ ಹಾಗೆ ಗಟ್ಟಿಯಾಗುತ್ತದೆ. ಅಂದರೆ ಬಿಸಿ ಇರುವಾಗಲೇ ಬೆರೆಸಬೇಕು, ತಣ್ಣನೆಯ ಸಿಗಡಿ ತಾಗಿದ ಕೂಡಲೇ ಗಂಟು ಕಟ್ಟುತ್ತದೆ. ಇನ್ನೊಂದು, ಅಗರ್ ಜೆಲ್ಲಿ ಹೆಪ್ಪುಗಟ್ಟಿ ಕರಗಿದರೆ ನೀರು ಬಿಟ್ಟುಬಿಡುತ್ತದೆ. ಅಗರ್ ತಯಾರಿಸುವಾಗ ನೀರು ತೆಗೆಯಲು ಮಾಡುವುದೇ ಇದನ್ನು, ಫ್ರೀಜ್ ಮಾಡಿ ಕರಗಿಸುವುದು. ಫ್ರೋಜನ್ ಆಹಾರಕ್ಕೆ ಅದು ಹೇಗೆ ಹೊಂದೀತು?

ಜೆಲಟಿನ್ ಪರವಾಗಿಲ್ಲ. ತಣ್ಣೀರಿನಲ್ಲಿ ನೆನೆಸಿ, ಬಿಸಿ ಮಾಡಿ ಕರಗಿಸಿ, ಉಗುರುಬೆಚ್ಚಗೆ ಆದ ಮೇಲೆ ಬೆರೆಸಬಹುದು. ಟ್ಯಾಂಕಿನ 25-26 ಡಿಗ್ರಿಯಲ್ಲಿ ತಕ್ಷಣ ಕರಗುವುದಿಲ್ಲ. ಆದರೆ ನಿಮಗೆ ಅದೂ ಬೇಕಿಲ್ಲ. ಟ್ಯಾಂಗ್‌ಪ್ರೇಮಿ ಹೇಳಿದ ನೋರಿಯೇ ಸಾಕು. ಅಂಟು ಬೇಕಾಗುವುದು ರುಬ್ಬಿ ಗಂಜಿ ಮಾಡಿದವರಿಗೆ.

ಸ್ಕಿಮ್ಮರ್‌ಸದ್ದು

ಬೆಳ್ಳುಳ್ಳಿ ಯಾರೂ ಹೇಳಲಿಲ್ಲ? ಇಚ್ ರೋಗ ಬರುವುದಿಲ್ಲ ಅಂತಾರೆ.

ನೀರಲೆ

ಅದನ್ನು ನಂಬಿ ಕೂತರೆ ಮೀನು ಹೋಗುತ್ತದೆ. ಕೆಲವು ಮೀನು ಬೆಳ್ಳುಳ್ಳಿ ವಾಸನೆಗೆ ಹತ್ತಿರ ಬರುತ್ತವೆ ಅಂತ ಹಲವರು ಹೇಳುತ್ತಾರೆ, ಅಷ್ಟಕ್ಕೆ ಬಳಸುವವರು ಬಳಸಲಿ. ಉಪ್ಪುನೀರಿನ ಇಚ್ ಅಂದರೆ ಕ್ರಿಪ್ಟೋಕಾರಿಯಾನ್ ಪರಾವಲಂಬಿ. ಅದಕ್ಕೆ ಬೇರೆ ಟ್ಯಾಂಕಿನಲ್ಲಿ ಅಳತೆ ಮಾಡಿದ ತಾಮ್ರದ ಚಿಕಿತ್ಸೆ ಅಥವಾ ಮೀನನ್ನು ಟ್ಯಾಂಕಿನಿಂದ ಟ್ಯಾಂಕಿಗೆ ಬದಲಿಸುವ ವಿಧಾನ ಬೇಕು. ಆಹಾರದಲ್ಲಿ ಬೆಳ್ಳುಳ್ಳಿ ಹಾಕಿ ಅದನ್ನು ಓಡಿಸಲು ಆಗುವುದಿಲ್ಲ.

ಮರಳುತಳ

ಹಸಿ ಸಿಗಡಿಯಿಂದಲೇ ರೋಗ ಬರುವುದಿಲ್ವಾ ಹಾಗಾದರೆ?

ನೀರಲೆ

ಕ್ರಿಪ್ಟೋಕಾರಿಯಾನ್ ಥರದ ಪರಾವಲಂಬಿ ಚೆನ್ನಾಗಿ ಫ್ರೀಜ್ ಆದ ಮಾಂಸದಲ್ಲಿ ಬದುಕಿ ಬರುವುದಿಲ್ಲ. ಬ್ಯಾಕ್ಟೀರಿಯಾ, ವೈರಸ್ ವಿಷಯ ಹಾಗಲ್ಲ, ಚಳಿಗೆ ಅವು ಸಾಯುವುದಿಲ್ಲ. ಮುಖ್ಯವಾಗಿ ಸಿಗಡಿಯ ಬಿಳಿಚುಕ್ಕೆ ವೈರಸ್ ಫ್ರೋಜನ್ ಸಿಗಡಿಯಲ್ಲೂ ಉಳಿಯುತ್ತದೆ. ಮೀನಿಗೆ ಅದರಿಂದ ತೊಂದರೆ ಇಲ್ಲ. ಆದರೆ ಟ್ಯಾಂಕಿನಲ್ಲಿ ಕ್ಲೀನರ್ ಶ್ರಿಂಪ್, ಏಡಿ ಸಾಕಿರುವವರು ಯೋಚಿಸಬೇಕು. ಅಂಥವರು ಸಿಗಡಿ ಬೇಯಿಸಿ ಹಾಕಲಿ, ಇಲ್ಲವಾದರೆ ಸ್ಕ್ವಿಡ್ ಮತ್ತು ಮೀನಿನಲ್ಲೇ ಮಾಡಲಿ.

ಕಡಲಕುದುರೆ

ಕಡಲ ಕುದುರೆ ಸಾಕುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಈ ಮಿಶ್ರಣ ನಮಗಲ್ಲ. ಅವುಗಳಿಗೆ ಹಲ್ಲಿಲ್ಲ, ಹೊಟ್ಟೆಯ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಪೂರ್ತಿ ಆಕಾರ ಇರುವ ಮೈಸಿಸ್ ಕಂಡರೆ ಕಣ್ಣು ತಿರುಗಿಸಿ ನೋಡಿ ಸರಕ್ಕನೆ ಎಳೆದುಕೊಳ್ಳುತ್ತವೆ. ಚೌಕ ಚೌಕ ಸ್ಕ್ವಿಡ್ ಚೂರು ಮೂತಿ ಮುಂದೆ ತೇಲಿ ಹೋದರೂ ಅಲ್ಲಾಡುವುದಿಲ್ಲ. ಇಡೀ ಮೈಸಿಸ್ ತಂದು ದಿನಕ್ಕೆ ಎರಡು ಮೂರು ಸಲ ಕೊಡಿ.

ಪಾಲಿಪ್

ಮ್ಯಾಂಡರಿನ್ ಮೀನಿಗೂ ಅದೇ ಮಾತು. ಅದಕ್ಕೆ ಬಂಡೆಯ ಮೇಲೆ ಓಡಾಡುವ, ಕೋಪೆಪಾಡ್ ಅನ್ನುವ ಪುಟ್ಟ ಜೀವಿಗಳು ಜೀವಂತವಾಗಿಯೇ ಬೇಕು. ದೊಡ್ಡ ಏಂಜೆಲ್ ಮೀನು ಸಾಕುವವರಿಗೂ ಹೇಳಬೇಕು, ಅವುಗಳಲ್ಲಿ ಹಲವು ಕಡಲಲ್ಲಿ ಸ್ಪಂಜು ತಿಂದೇ ಬದುಕುವಂಥವು. ಮನೆಯ ಮಿಶ್ರಣದಲ್ಲಿ ಸ್ಪಂಜು ಸೇರಿಸಲು ಆಗುವುದಿಲ್ಲ. ಸ್ಪಂಜು ಇರುವ ತಯಾರಿ ಆಹಾರ ಸಿಗುತ್ತದೆ, ಅದನ್ನು ಜೊತೆಗೆ ಕೊಡಿ.

ಹವಳದೋಣಿ

ವಿಟಮಿನ್ ಯಾವಾಗ ಹಾಕಬೇಕು? ಮತ್ತೆ ಮೀನೆಣ್ಣೆ ಕ್ಯಾಪ್ಸೂಲ್ ಒಡೆದು ಹಾಕಬಹುದಾ?

ಆಳನೀಲಿ

ವಿಟಮಿನ್ ಫ್ರೀಜ್ ಮಾಡುವ ಮೊದಲು ಬೇಡ, ಕರಗಿಸಿದ ಮೇಲೆ ಹಾಕಿ. ನಮ್ಮ ದೇಹದ ಹಾಗೆಯೇ ಹೆಚ್ಚಿನ ಮೀನುಗಳ ದೇಹಕ್ಕೂ ವಿಟಮಿನ್ ಸಿ ತಯಾರಿಸಲು ಬರುವುದಿಲ್ಲ, ಆಹಾರದಲ್ಲೇ ಬರಬೇಕು. ಅದೇ ಬೇಗ ಕೆಡುವ ವಿಟಮಿನ್. ಫ್ರೀಜರಿನಲ್ಲಿ ಇಟ್ಟಷ್ಟೂ ಕಡಿಮೆಯಾಗುತ್ತದೆ, ಕರಗುವಾಗ ರಸದ ಜೊತೆ ಸೋರಿಹೋಗುತ್ತದೆ. ಸೋಸುವುದಾದರೆ ಮೊದಲು ಸೋಸಿ, ಆಮೇಲೆ ಎರಡು ಹನಿ ಹಾಕಿ ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು ಕೊಡಿ. ಸೆಲ್ಕಾನ್ ಥರದ ಪೂರಕ ದ್ರವದಲ್ಲಿ ಒಮೆಗಾ 3, ವಿಟಮಿನ್ ಸಿ, ಬಿ12 ಒಟ್ಟಿಗೇ ಇರುತ್ತವೆ. ಬಿ1 ಇದೆಯಾ ಅಂತ ಲೇಬಲ್ ನೋಡಿ ತಗೊಳ್ಳಿ.

ಮೀನೆಣ್ಣೆ ಸುಮ್ನೆ ಸುರಿದರೆ ನೀರಿನ ಮೇಲೆ ತೇಲುತ್ತದೆ, ಮೀನಿಗೆ ಸೇರುವುದಿಲ್ಲ. ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಉಪಕರಣ) ನೊರೆಯೂ ಕುಸಿಯುತ್ತದೆ. ಬಂಗುಡೆ, ಬೂತಾಯಿ ಥರದ ಎಣ್ಣೆ ಜಾಸ್ತಿ ಇರುವ ಮೀನು ಹಾಕಿದರೂ ಇದೇ ಕಥೆ. ಮೀನಿನ ಮೊಟ್ಟೆ ಸಿಕ್ಕಿದರೆ ಅದನ್ನೇ ಸೇರಿಸಿ. ಕ್ಯಾಪೆಲಿನ್ ಮೊಟ್ಟೆ ಸುಮಾರು 1 ಮಿ.ಮೀ. ಇರುತ್ತದೆ, ಆಂಥಿಯಾಸ್ ಬಾಯಿಗೆ ಹೇಳಿ ಮಾಡಿಸಿದ ಹಾಗೆ. ಒಳ್ಳೆಯ ಕೊಬ್ಬೂ ಅದರಲ್ಲೇ ಇದೆ.

ಸ್ಕಿಮ್ಮರ್‌ಸದ್ದು

ನೊರೆ ಕುಸಿಯುವುದು ನಿಜ. ಎಣ್ಣೆ ಮೀನು ಹಾಕಿದ ದಿನ ಗಂಟೆಗಟ್ಟಲೆ ಕಪ್ ಖಾಲಿ ಇರುತ್ತದೆ. ತಾನೇ ಸರಿಹೋಗುತ್ತದೆ, ಸ್ಕಿಮ್ಮರ್ ಬಿಚ್ಚಿ ತೊಳೆಯುವ ಅಗತ್ಯ ಇಲ್ಲ.

ರೀಫ್‌ರಾಗ

ಫ್ರೀಜ್ ಮಾಡುವ ಬಗ್ಗೆ ಯಾರೂ ಬರೆದಿಲ್ಲ, ಆಹಾರ ಕೆಡುವುದು ಹೆಚ್ಚಾಗಿ ಅಲ್ಲೇ. ಐಸ್ ಟ್ರೇಯಲ್ಲಿ ದಪ್ಪ ಗಟ್ಟಿ ಮಾಡಿದರೆ ಒಳಗಿನ ತನಕ ಚಳಿ ಮುಟ್ಟಲು ತುಂಬಾ ಹೊತ್ತು ಬೇಕು. ನಿಧಾನ ಹೆಪ್ಪುಗಟ್ಟಿದರೆ ಐಸಿನ ಹರಳು ದೊಡ್ಡದಾಗಿ ಬೆಳೆದು ಮಾಂಸದ ಕೋಶಗಳನ್ನು ಹರಿಯುತ್ತವೆ. ಕರಗಿಸಿದಾಗ ಅಷ್ಟೂ ರಸ ಹೊರಗೆ. ಕ್ಯೂಬಿನಲ್ಲಿ ನೀರು ಜಾಸ್ತಿ ಅಂತ ಶುರುಮಾಡಿದವರು ಮನೆಯಲ್ಲೂ ಅದನ್ನೇ ಮಾಡಿದ ಹಾಗಾಗುತ್ತದೆ.

ಜಿಪ್ ಚೀಲದಲ್ಲಿ ಹಾಕಿ, ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ 4-5 ಮಿ.ಮೀ. ದಪ್ಪದ ಹಾಳೆ ಮಾಡಿ. ಗಾಳಿ ಪೂರ್ತಿ ಹೊರಗೆ ತಳ್ಳಿ ಜಿಪ್ ಎಳೆಯಿರಿ. ಚಾಕುವಿನ ಬೆನ್ನಿನಿಂದ ಚೀಲದ ಮೇಲೆಯೇ ಉದ್ದ ಅಡ್ಡ ಗೆರೆ ಒತ್ತಿ. ಸ್ಟೀಲ್ ತಟ್ಟೆಯ ಮೇಲೆ ಮಟ್ಟಸವಾಗಿ ಇಟ್ಟು ಫ್ರೀಜರಿಗೆ ಹಾಕಿ, ಲೋಹ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಗೆರೆ ಇದ್ದಲ್ಲಿ ಟಕ್ ಅಂತ ಮುರಿಯುತ್ತದೆ. ಬೇಕಾದಷ್ಟು ಮುರಿದುಕೊಂಡು ಉಳಿದದ್ದನ್ನು ತಕ್ಷಣ ವಾಪಸ್ ಇಡಿ. ಚೀಲದ ಮೇಲೆ ತಾರೀಕು ಮತ್ತು ಒಳಗೆ ಏನಿದೆ ಅಂತ ಬರೆದಿಡಿ.

ಮೈನಸ್ 18 ಡಿಗ್ರಿಯಲ್ಲಿ ಮೂರು ತಿಂಗಳೊಳಗೆ ಮುಗಿಯುವಷ್ಟೇ ಮಾಡಿ. ಆಮೇಲೂ ಕೊಳೆಯುವುದಿಲ್ಲ, ಆದರೆ ಮೀನಿನ ಕೊಬ್ಬು ಗಾಳಿ ತಗುಲಿ ಕಮಟುತ್ತದೆ. ಅಂಚು ಬೆಳ್ಳಗೆ ಒಣಗಿ ಕಮಟು ವಾಸನೆ ಬಂದರೆ ಎಸೆಯಿರಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಲೇಬೇಡಿ.

ಉಪ್ಪುಸಾಗರ

ಹಾಳೆ ವಿಧಾನ ಚೆನ್ನಾಗಿದೆ, ನಾನೂ ಮಾಡುತ್ತೇನೆ. ಸ್ಕ್ವಿಡ್ ಒಳಗಿನ ಪಾರದರ್ಶಕ ಕಡ್ಡಿ, ಕೊಕ್ಕು, ಶಾಯಿ ಚೀಲ ತೆಗೆಯುವುದು ಮರೆಯಬೇಡಿ. ಆದರೆ ಸಿಗಡಿ ಸಿಪ್ಪೆ ಎಲ್ಲವನ್ನೂ ತೆಗೆಯಬೇಡಿ. ಅದರಲ್ಲಿ ಅಸ್ಟಾಕ್ಸಾಂಥಿನ್ ಇದೆ. ಕೆಂಪು, ಕಿತ್ತಳೆ ಬಣ್ಣದ ಈ ಅಂಶ ಮೀನಿಗೆ ಆಹಾರದಿಂದಲೇ ಬರಬೇಕು. ಬರೀ ಬಿಳಿ ಮೀನು ತಿಂದ ಆಂಥಿಯಾಸ್ ಬಣ್ಣ ಮಾಸುತ್ತಾ ಹೋಗುವುದು ಇದಕ್ಕೇ.

ಆಳನೀಲಿ

ಉಪ್ಪುಸಾಗರ ಹೇಳಿದ್ದು ಸರಿ. ಸಿಪ್ಪೆಯನ್ನು ಮಾತ್ರ ಮಿಕ್ಸಿಯಲ್ಲಿ ಪುಡಿ ಮಾಡಿ ಸೇರಿಸಿ, ದೊಡ್ಡ ಚೂರಾದರೆ ಉಗುಳುತ್ತವೆ.

ನೀರಲೆ

ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿಕೊಂಡು ಮಾಡಿ. ಹಸಿ ಕಡಲ ಮಾಂಸ ಕೊಯ್ಯುವಾಗ ಮಾತ್ರ ಅಲ್ಲ, ಟ್ಯಾಂಕಿಗೆ ಕೈ ಹಾಕುವಾಗಲೂ. ಮೈಕೋಬ್ಯಾಕ್ಟೀರಿಯಂ ಮರೀನಂ ಸಣ್ಣ ಗಾಯದಿಂದ ಒಳಗೆ ಹೋಗುತ್ತದೆ. ಚರ್ಮದ ಮೇಲೆ ಗಂಟು ಎದ್ದು ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ವೈದ್ಯರ ಬಳಿ ಹೋದರೆ ಮೀನಿನ ಟ್ಯಾಂಕ್ ಇದೆ ಅಂತ ಮೊದಲೇ ಹೇಳಬೇಕು.

ಹವಳದೋಣಿ

ಸರಿ, ಹೀಗೆ ಮಾಡುತ್ತೇನೆ. ಫಾಸ್ಫೇಟ್ ಹಾಕದ ಸಿಗಡಿ, ಸ್ಕ್ವಿಡ್, ಬಿಳಿ ಮೀನು, ಮೀನಿನ ಮೊಟ್ಟೆ, ನೋರಿ. ಕೈಯಲ್ಲೇ ಕೊಯ್ದು ಎರಡು ಅಳತೆಯ ಎರಡು ಹಾಳೆ. ವಿಟಮಿನ್ ಕೊಡುವ ಹೊತ್ತಿಗೆ. ಟ್ಯಾಂಗ್‌ಗೆ ನೋರಿ ಬೇರೆ. ಕ್ಲೀನರ್ ಶ್ರಿಂಪ್ ನನ್ನಲ್ಲಿ ಇಲ್ಲ, ಹಾಗಾಗಿ ಸಿಗಡಿ ಹಸಿಯಾಗೇ.

ಉಳಿದದ್ದು ಕಾಪರ್‌ಬ್ಯಾಂಡ್ ಒಂದೇ. ತೇಲಿ ಬರುವುದನ್ನು ಅದು ಮುಟ್ಟುವುದೇ ಇಲ್ಲ. ಬಂಡೆಯ ಸಂದಿಯಲ್ಲೇ ಕೆದಕುತ್ತಿರುತ್ತದೆ.

ಮರಳುತಳ

ಅದಕ್ಕೆ ಉಪಾಯ ಇದೆ! ಕಪ್ಪೆಚಿಪ್ಪಿನ ಖಾಲಿ ಚಿಪ್ಪನ್ನು ಉಜ್ಜಿ ತೊಳೆದು ಕುದಿಸಿ. ಸಣ್ಣ ಅಳತೆಯ ಮಿಶ್ರಣವನ್ನು ಅದರೊಳಗೆ ಒತ್ತಿ ತುಂಬಿ ಫ್ರೀಜ್ ಮಾಡಿ. ಹೆಪ್ಪು ಇರುವಾಗಲೇ ಬಂಡೆಯ ಸಂದಿಗೆ ಸಿಕ್ಕಿಸಿ. ನಿಧಾನ ಕರಗುತ್ತಾ ಇರುತ್ತದೆ, ಅದು ಮೂತಿ ಹಾಕಿ ಒಂದೊಂದೇ ಎಳೆಯುತ್ತದೆ.

ಹವಳದೋಣಿ

ಟ್ಯಾಂಗ್ ಬಂದು ಕಿತ್ತುಕೊಳ್ಳುವುದಿಲ್ವಾ?

ಮರಳುತಳ

ಅದೇ ಹೊತ್ತಿಗೆ ಇನ್ನೊಂದು ತುದಿಯಲ್ಲಿ ನೋರಿ ಕ್ಲಿಪ್ ಹಾಕಿ, ಅದು ಅಲ್ಲೇ ಇರುತ್ತದೆ. ಪಂಪ್ ಹರಿವು ಕಡಿಮೆ ಮಾಡಿ. ಅರ್ಧ ಗಂಟೆ ಆದ ಮೇಲೆ ಚಿಪ್ಪು ಹೊರಗೆ ತೆಗೆಯಿರಿ, ಒಳಗೆ ಉಳಿದದ್ದನ್ನು ಎಸೆಯಿರಿ.